ಆಫೀಸು ಎಂಬ ಮಾತು

ಪರಭಾಷೆಯಿಂದ ಬಂದು ಕನ್ನಡಿಗರ ನಾಲಗೆಯಲ್ಲಿ ನೆಲೆನಿಂತ ಮಾತುಗಳಲ್ಲಿ ‘ಆಫೀಸು’ ಒಂದು. ಇಂಗ್ಲಿಷನ್ನು ಓದಲು ಬರೆಯಲು ಅರಿಯದ ರೈತನೂ ತಾಲ್ಲೂಕು ಆಫೀಸಿಗೆ ಹೋಗಿಬಂದೆನೆಂದು ಹೇಳುತ್ತಾನೆ. ತಾಯಿ ಆಫೀಸಿನಿಂದ ಮರಳುವ ಹೊತ್ತನ್ನು ಮನೆಯ ಮಕ್ಕಳು ಎದುರುನೋಡುತ್ತಾರೆ. ಹೀಗೆ ಕನ್ನಡದ ವಿಭಕ್ತಿಪ್ರತ್ಯಯಗಳನ್ನು ತೊಟ್ಟು ಮನೆಯವರಂತೆ ಓಡಾಡುವ ಪದವನ್ನು ಪರಕೀಯವೆಂದು ಹೊರದೂಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಅದರ ಅರ್ಥವೇನೆಂದು ಕೇಳಿದರೆ ಬಹುಮಂದಿ ಮೇಜು, ಕುರ್ಚಿ, ಕಡತಗಳಿರುವ ಒಂದು ಕಟ್ಟಡವನ್ನು ತೋರಿಸುತ್ತಾರೆ. ಈ ಉತ್ತರ ತಪ್ಪಲ್ಲ. ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಮರೆತುದರಿಂದ ಭಾಷೆಗೆ ಮಾತ್ರವಲ್ಲ, ಜನರ ಬಾಳಿಗೂ ನಷ್ಟವಾಗಿದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ಆಫಿಸಿಯಂ’ ಎಂಬ ಮಾತಿನಲ್ಲಿದೆ. ಪ್ರಾಚೀನ ರೋಮನರಿಗೆ ಅದರ ಮುಖ್ಯಾರ್ಥ ಕರ್ತವ್ಯ. ಒಬ್ಬನು ಇನ್ನೊಬ್ಬನಿಗೆ, ತನ್ನ ನಾಡಿಗೆ ಸಲ್ಲಿಸಬೇಕಾದ ಸೇವೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೋ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಒಂದು ಗ್ರಂಥವನ್ನು ರಚಿಸಿದನು. ಅದರ ಹೆಸರಿನಲ್ಲಿ ಇರುವುದೂ ಇದೇ ಪದ. ಆದರೆ ಆ ಗ್ರಂಥದ ವಿಷಯ ಕಟ್ಟಡಗಳಲ್ಲ; ಸತ್ಪುರುಷನು ಪಾಲಿಸಬೇಕಾದ ಕರ್ತವ್ಯಗಳು. ಮುಂದೆ ಈ ಮಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಕರ್ತವ್ಯವೆಂಬ ಅರ್ಥದ ಜೊತೆಗೆ ಆ ಕರ್ತವ್ಯವನ್ನು ಹೊತ್ತ ಸ್ಥಾನವೆಂಬ ಅರ್ಥವೂ, ಕೊನೆಗೆ ಆ ಸ್ಥಾನದಲ್ಲಿರುವವನು ಕುಳಿತುಕೊಳ್ಳುವ ಕೋಣೆಯೆಂಬ ಅರ್ಥವೂ ಬೆಳೆದವು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆಡಳಿತಗಾರರಿಗಾಗಿ 1560ರಲ್ಲಿ ಕಟ್ಟಲಾರಂಭಿಸಿದ ಭವನಕ್ಕೆ ‘ಉಫೀಜಿ’ ಎಂದು ಹೆಸರಾಯಿತು. ಅದೂ ಇದೇ ಬೇರಿನ ಚಿಗುರು. ಇಂದು ಅಲ್ಲಿರುವುದು ಜಗದ್ವಿಖ್ಯಾತ ಚಿತ್ರಶಾಲೆ. ಅಧಿಕಾರಿಗಳು ಹೊರಟುಹೋದರೂ ಹೆಸರು ಗೋಡೆಗಳಿಗೆ ಅಂಟಿಕೊಂಡು ಉಳಿದಿದೆ.

ಆಫೀಸಿಗೆ ಸಮಾನವೆಂದು ಬಳಕೆಯಲ್ಲಿರುವ ಮಾತುಗಳು ಕನ್ನಡದಲ್ಲಿ ಹಲವು. ಆದರೆ ಅವು ಒಂದೇ ಅಚ್ಚಿನವಲ್ಲ. ‘ಕಾರ್ಯಾಲಯ’ ಎಂದರೆ ಕೆಲಸದ ಮನೆ. ಹಿಂದೂಸ್ತಾನಿಯಿಂದ ಬಂದ ‘ಕಚೇರಿ’ಯಲ್ಲಿ ಜನ ನೆರೆದ ಸಭೆಯ ನೆನಪಿದೆ, ಸಂಗೀತಕ್ಕೂ ಕಚೇರಿಯುಂಟು. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡ ಕೆಂಪು ಕಟ್ಟಡಕ್ಕೆ, ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿದ್ದುದರಿಂದ, ‘ಅಠಾರ ಕಚೇರಿ’ ಎಂಬ ಹೆಸರು ಬಂದಿತು. ಇಂದು ಅದು ಉಚ್ಚ ನ್ಯಾಯಾಲಯದ ನೆಲೆ. ಪಾರಸಿ ಮೂಲದ ‘ದಫ್ತರ’ ಮೊದಲು ಹೆಸರಿಸಿದ್ದು ಲೆಕ್ಕಪತ್ರಗಳ ಕಟ್ಟನ್ನು. ಹಳ್ಳಿಯ ‘ಚಾವಡಿ’ ಪಟೇಲ ಶಾನುಭೋಗರು ಕುಳಿತು ಕಂದಾಯದ ಲೆಕ್ಕ ನೋಡುತ್ತಿದ್ದ ಜಗಲಿ. ಮನೆ, ಸಭೆ, ಕಾಗದ, ಜಗಲಿ ಎಂದು ನಾಲ್ಕು ಪದಗಳು ನಾಲ್ಕು ಚಿತ್ರಗಳನ್ನು ಕೊಡುತ್ತವೆ. ಎಲ್ಲಕ್ಕೂ ಆಫೀಸೆಂಬ ಒಂದೇ ಮುದ್ರೆಯನ್ನು ಒತ್ತಿದರೆ ಈ ಚಿತ್ರಗಳು ಅಳಿಸಿಹೋಗುತ್ತವೆ.

ಇವೆಲ್ಲವೂ ಸ್ಥಳಕ್ಕೆ ಸಂಬಂಧಿಸಿದ ಮಾತುಗಳು. ಇಂಗ್ಲಿಷಿನ ಆಫೀಸಿಗೆ ಸ್ಥಾನವೆಂಬ ಅರ್ಥವೂ ಇರುವುದನ್ನು ಮರೆತರೆ ಎಡವಟ್ಟಾಗುತ್ತದೆ. 1961ರಲ್ಲಿ ಅಂದಿನ ಮೈಸೂರು ರಾಜ್ಯವು ಹಳ್ಳಿಯ ‘ಆಫೀಸು’ಗಳನ್ನು ರದ್ದುಗೊಳಿಸುವ ಶಾಸನವೊಂದನ್ನು ಮಾಡಿತು. ಅದರಿಂದ ಯಾವ ಚಾವಡಿಯ ಗೋಡೆಯೂ ಉರುಳಲಿಲ್ಲ. ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಇಲ್ಲಿ ಆಫೀಸೆಂದರೆ ಕಚೇರಿಯಲ್ಲ, ಹುದ್ದೆ.

ಹುದ್ದೆಯೆಂಬ ಮಾತಿನ ಚರಿತ್ರೆಯೂ ಅರಿಯತಕ್ಕದ್ದು. ಅದರ ಮೂಲ ಅರಬ್ಬಿಯಲ್ಲಿದೆ; ಅಲ್ಲಿ ಅದರ ಅರ್ಥ ಹೊಣೆ, ವಹಿಸಿಕೊಂಡ ಜವಾಬ್ದಾರಿ. ‘ಅಧಿಕಾರ’ವೆಂಬ ಸಂಸ್ಕೃತ ಪದವೂ ಮೊದಲಿನಿಂದ ಬರಿಯ ದರ್ಪವನ್ನು ಸೂಚಿಸಿದ್ದಲ್ಲ. ಮೀಮಾಂಸಾಶಾಸ್ತ್ರದಲ್ಲಿ ಒಂದು ಕರ್ಮವನ್ನು ಆಚರಿಸಲು ಅರ್ಹನಾದವನೇ ಅಧಿಕಾರಿ. ವೇದಾಂತದಲ್ಲಿ ವಿದ್ಯೆಯನ್ನು ಪಡೆಯಲು ಯೋಗ್ಯನಾದವನು ಅಧಿಕಾರಿ. ಲ್ಯಾಟಿನ್ ಪದ ಕರ್ತವ್ಯವೆಂದಿತು, ಅರಬ್ಬಿಯ ಪದ ಹೊಣೆಯೆಂದಿತು, ಸಂಸ್ಕೃತದ ಪದ ಅರ್ಹತೆಯೆಂದಿತು. ಒಬ್ಬರನ್ನೊಬ್ಬರು ಕೇಳದೆಯೇ ದೂರದೂರದ ಮೂರು ಜನಾಂಗಗಳು ಒಂದೇ ತಿಳಿವಳಿಕೆಯ ಬಳಿಗೆ ಬಂದಿದ್ದವು. ಇಂದಿನ ಬಳಕೆಯಲ್ಲಾದರೋ ಆಫೀಸೆಂದರೆ ಕಟ್ಟಡ, ಹುದ್ದೆಯೆಂದರೆ ಸಂಬಳ, ಅಧಿಕಾರವೆಂದರೆ ಪ್ರಭುತ್ವ. ಮೂರು ಪದಗಳಲ್ಲಿಯೂ ತಿರುಳು ಸೋರಿ ಸಿಪ್ಪೆ ಉಳಿದಿದೆ.

ಇದರ ಫಲವನ್ನು ಉಣ್ಣುವವನು ಮೇಜಿನ ಈಚೆ ನಿಂತವನು. ಪಹಣಿಗಾಗಿ ಬಂದ ರೈತನಿಗೂ, ಪಿಂಚಣಿಗಾಗಿ ಬಂದ ಮುದುಕಿಗೂ ನಾಳೆ ಬನ್ನಿ ಎಂದು ಹೇಳುವವನು ತಾನು ಅಧಿಕಾರವನ್ನು ಚಲಾಯಿಸುತ್ತಿರುವೆನೆಂದು ಭಾವಿಸುತ್ತಾನೆ. ಪದದ ಮೂಲಾರ್ಥವನ್ನು ನೋಡಿದರೆ ಆ ಗಳಿಗೆಯಲ್ಲಿ ಅವನು ಅಧಿಕಾರವನ್ನು ಕಳೆದುಕೊಂಡಿರುತ್ತಾನೆ. ಏಕೆಂದರೆ ಕರ್ತವ್ಯವನ್ನು ಬಿಟ್ಟವನಿಗೆ ಅರ್ಹತೆಯೆಲ್ಲಿಯದು? ಕರ್ನಾಟಕದಲ್ಲಿ 2012ರಿಂದ ಆಚರಣೆಗೆ ಬಂದ ‘ಸಕಾಲ’ ವ್ಯವಸ್ಥೆಯು ಗೊತ್ತಾದ ಸೇವೆಗಳನ್ನು ಗೊತ್ತಾದ ದಿನಗಳಲ್ಲಿ ಸಲ್ಲಿಸಬೇಕೆಂದೂ, ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಗಳಂತೆ 500 ರೂಪಾಯಿಗಳವರೆಗೆ ಪರಿಹಾರ ಸಲ್ಲಬೇಕೆಂದೂ ವಿಧಿಸಿತು. ಮೊತ್ತ ಚಿಕ್ಕದು, ಅದರ ಹಿಂದಿನ ತತ್ತ್ವ ದೊಡ್ಡದು. ಸೇವೆಯು ಅಧಿಕಾರಿಯ ಕೃಪೆಯಲ್ಲ, ಅವನು ತೀರಿಸಬೇಕಾದ ಋಣ ಎಂಬುದೇ ಆ ತತ್ತ್ವ.

ಪದಗಳ ಅರ್ಥವನ್ನು ಕೆದಕಿದ ಮಾತ್ರಕ್ಕೆ ಜನರ ನಡತೆ ತಿದ್ದೀತೇ ಎಂದು ಕೆಲವರು ಕೇಳಬಹುದು. ನಿಘಂಟು ಓದಿದವರೆಲ್ಲ ಸಜ್ಜನರಾಗುವುದಿಲ್ಲವೆಂಬುದು ನಿಜ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದ್ದರೂ, ಕಲ್ಲಿನ ಅಕ್ಷರ ತಾನಾಗಿ ಕೆಲಸ ಮಾಡಲಾರದು. ಆದರೂ ಹೆಸರಿಲ್ಲದ ವಸ್ತುವನ್ನು ಕೇಳಿ ಪಡೆಯುವುದು ಕಷ್ಟ. ಹುದ್ದೆಯಲ್ಲಿ ಹೊಣೆ ಅಡಗಿದೆಯೆಂದು ಬಲ್ಲ ಪ್ರಜೆ ಮೇಜಿನ ಮುಂದೆ ಕೈಕಟ್ಟಿ ಬೇಡುವುದಿಲ್ಲ. ವಿನಯದಿಂದ, ಆದರೆ ತಲೆಯೆತ್ತಿ ಕೇಳುತ್ತಾನೆ. ಅದನ್ನು ಬಲ್ಲ ನೌಕರನಿಗೆ ಹಾಗೆ ಕೇಳಿದ್ದು ಅವಮಾನವೆಂದು ತೋರುವುದಿಲ್ಲ.

ಆದುದರಿಂದ ಆಫೀಸೆಂಬ ಮಾತು ಕನ್ನಡದಲ್ಲಿ ಉಳಿಯಲಿ; ಕಚೇರಿ, ಕಾರ್ಯಾಲಯ, ಹುದ್ದೆಗಳೂ ತಮ್ಮ ತಮ್ಮ ಅರ್ಥದೊಡನೆ ಬಾಳಲಿ. ಇಂದು ಒಂಬತ್ತನೆಯ ತರಗತಿಯ ಬೆಂಚಿನ ಮೇಲಿರುವವರಲ್ಲಿ ಕೆಲವರು ನಾಳೆ ಮೇಜಿನ ಆಚೆ ಕುಳಿತಾರು, ಉಳಿದವರು ಈಚೆ ನಿಂತಾರು. ಇಬ್ಬರೂ ಆ ಪದದ ಮರೆತುಹೋದ ಅರ್ಧವನ್ನು ನೆನಪಿನಲ್ಲಿಟ್ಟರೆ ನಡುವಿನ ಮೇಜು ಗೋಡೆಯಾಗಿ ಬೆಳೆಯದು.