ಹಾಜರಾತಿ ಕಡಿಮೆ ಅಂತ ಬೋರ್ಡಿಗೆ ಹೆಸರು ಬಿತ್ತು. ಹುಡುಗ ಯಾಕೆ ಬರ್ತಿಲ್ಲ ಅಂತ ಕೇಳಿದವರ್ಯಾರು?

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ತಾಲೂಕಿನ ಪದವಿ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಶೇ 75ರಷ್ಟು ಹಾಜರಾತಿ ಇಲ್ಲದವರು, ಪರೀಕ್ಷೆಗೆ ಕೂರುವಂತಿಲ್ಲ. ಅದರಲ್ಲಿರುವ ಹಲವರನ್ನು ಕಾಲೇಜಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಪೇಟೆಯವರು. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಮೆಡಿಕಲ್ ಸ್ಟೋರುಗಳಲ್ಲಿ ಅರ್ಧ ದಿನ ದುಡಿಯುವ ಹುಡುಗರು ಇವರೇ. ಅಪ್ಪನಿಗೆ ಹುಷಾರಿಲ್ಲ, ಬೆಳಗಿನ ಬಸ್ ತುಂಬಿಕೊಂಡು ನಿಲ್ಲಿಸದೇ ಹೋಯ್ತು, ಪಿಯುವರೆಗೆ ಕನ್ನಡದಲ್ಲಿ ಓದಿದವನಿಗೆ ಈಗ ಇಂಗ್ಲಿಷ್ ಪಾಠ ಅರ್ಥ ಆಗ್ತಿಲ್ಲ. ಈ ಕಾರಣಗಳೆಲ್ಲ ಅಂಗಡಿ ಮಾಲೀಕರಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತಿಲ್ಲ.

ಗೊತ್ತಿರಬೇಕು ಅಂತ ವ್ಯವಸ್ಥೆಯೇನೋ ಇದೆ. ನ್ಯಾಕ್ ಮಾನ್ಯತೆಗೆ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕ ಕೊಡಬೇಕು. ಆದರೆ ಅದು ಬರೀ ಭಾಗಾಕಾರ. ಮದುವೆ ಗೊತ್ತಾಗಿ ಒಬ್ಬಳು ಓದು ಬಿಡುತ್ತಿದ್ದಾಳೆ ಅನ್ನೋದು ಆ ಲೆಕ್ಕದಲ್ಲಿ ಕಾಣಲ್ಲ.

ಹಾಗಂತ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. 2022ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿದ ಸರ್ಕಾರ, ವಾರದ ಪಾಠವನ್ನೂ 15 ಗಂಟೆಗೆ ಏರಿಸಿತು. ಕೆಲವರಿಗೆ ಹೆಚ್ಚು ಗಂಟೆ ಸಿಕ್ಕಿತು, ಕೆಲವರ ಕೆಲಸವೇ ಹೋಯಿತು. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ಅವರು ಧರಣಿ ಕೂತಾಗ ತರಗತಿಗಳು ನಿಂತವು. ಬೇಡಿಕೆ ನ್ಯಾಯವಾದದ್ದೇ. ಆದರೆ ಮಕ್ಕಳ ಕಡೆಯಿಂದಲೂ ನೋಡಿ: ಮೊದಲ ವರ್ಷ ಹೆಸರು ಹಿಡಿದು ಕರೆಯುತ್ತಿದ್ದ ಮೇಡಂ ಎರಡನೇ ವರ್ಷ ಇರ್ತಾರೋ ಇಲ್ವೋ ಅನ್ನೋ ಖಾತ್ರಿಯಿಲ್ಲ. ಮನೆ ಕಷ್ಟ ಮತ್ತೆ ಯಾರ ಹತ್ರ ಹೇಳೋದು?

ಪಾಠದ 15 ಗಂಟೆಯಲ್ಲೇ ಒಂದು ಗಂಟೆ ವಿದ್ಯಾರ್ಥಿಗಳ ಜತೆ ಕೂತು ಮಾತಾಡೋದಕ್ಕೆ ಅಂತ ಇಲಾಖೆ ಲೆಕ್ಕ ಹಿಡಿಯಲಿ. 2024ರಲ್ಲಿ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂತಲ್ಲ, ಆ ಮೂರೂ ವರ್ಷ ಒಬ್ಬರೇ ಮೆಂಟರ್ ಸಿಗುವಂತಾಗಲಿ. ಇವೆರಡಕ್ಕೂ ಬೆಂಗಳೂರಿನಿಂದಲೇ ಆದೇಶ ಬರಬೇಕು, ತಡವಾದೀತು. ಹಾಜರಾತಿ ಪಟ್ಟಿಯನ್ನು ಎರಡನೇ ತಿಂಗಳಲ್ಲೇ ತೆಗೆದು, ಬೋರ್ಡಿಗೆ ಅಂಟಿಸುವ ಬದಲು ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ಕೇಳೋದಕ್ಕೆ ಯಾವ ಆದೇಶವೂ ಬೇಡ, ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಸಾಕು. ಬೆಳಗಿನ ಕ್ಲಾಸ್ ಮುಗಿಸಿಯೇ ಬಾ ಅಂತ ಹೇಳೋದು ಅಂಗಡಿಯವರಿಗೂ ಕಷ್ಟವಲ್ಲ.

ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಕಟ್ಟಡ, ಕಾಂಪೌಂಡ್, ಶೌಚಾಲಯದ ಮಾತೇ ಹೆಚ್ಚು. ಕಳೆದ ವರ್ಷ ಪ್ರಥಮ ಸೆಮಿಸ್ಟರಿಗೆ ಸೇರಿದವರಲ್ಲಿ ಎಷ್ಟು ಮಂದಿ ಈಗ ಕ್ಲಾಸಿನಲ್ಲಿಲ್ಲ ಅಂತ ಪೋಷಕರು ಅಲ್ಲಿ ಕೇಳಬಹುದು.