ಸೈಕ್ಲೋನ್ ಬರಲಿ ಅಂತ ಕಾಯೋ ನಾವು

ದೀಪಾವಳಿ ಮುಗಿದ ಕೂಡಲೇ ನಮ್ಮ ಹಾಸ್ಟೆಲ್‌ನ ಒಂದು ವಾಟ್ಸಾಪ್ ಗುಂಪಿಗೆ ಜೀವ ಬರುತ್ತೆ. ವರ್ಷವೆಲ್ಲ ಮಲಗಿರೋ ಗುಂಪು ಅದು. ರಾತ್ರಿ ಹನ್ನೊಂದಾದರೂ ಲ್ಯಾಬ್ ರೆಕಾರ್ಡ್ ಬರೆದಿರಲ್ಲ, ಆದರೆ ನಾಲ್ಕು ಮೊಬೈಲ್‌ನಲ್ಲಿ ವಿಂಡಿ ಆ್ಯಪ್ ತೆರೆದಿರುತ್ತೆ. ಬಂಗಾಳ ಕೊಲ್ಲಿಯಲ್ಲಿ ಬಣ್ಣದ ಸುಳಿಯೊಂದು ತಿರುಗ್ತಾ ಇದ್ದರೆ ಸಾಕು, 'ಬರ್ತಾ ಇದೆ ಕಣ್ರೋ' ಅಂತ ಮೊದಲ ಮೆಸೇಜ್ ಬೀಳುತ್ತೆ. ಯುರೋಪಿನ ಮಾಡೆಲ್ ಒಂದು ಕಡೆ ತೋರಿಸುತ್ತೆ, ಅಮೆರಿಕದ ಮಾಡೆಲ್ ಇನ್ನೊಂದು ಕಡೆ. ನಾವು ನಂಬೋದು ಯಾವುದು ನಮಗೆ ರಜೆ ಕೊಡಿಸುತ್ತೋ ಅದನ್ನ.

ಇದು ನಮ್ಮೊಬ್ಬರ ಹುಚ್ಚೇನಲ್ಲ. ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ ಸೀನಿಯರ್‌ಗಳನ್ನ ಕೇಳಿ ನೋಡಿ. ಅಲ್ಲಿ ಮಾರ್ಚ್ ಬಂದರೂ ಇನ್ನೊಂದು ಹಿಮಪಾತ ಆಗಲಿ ಅಂತ ಕಾಯೋ ಜನ ಇದಾರೆ. ಶಾಲೆಗೆ ರಜೆ ಸಿಗಲಿ ಅಂತ ಅಲ್ಲಿನ ಮಕ್ಕಳು ಪೈಜಾಮ ತಿರುಗಾಮುರುಗಾ ಹಾಕ್ಕೊಂಡು, ದಿಂಬಿನ ಕೆಳಗೆ ಚಮಚ ಇಟ್ಕೊಂಡು ಮಲಗ್ತಾರಂತೆ. ನಮ್ಮೂರಲ್ಲಿ ಮಳೆಗೋಸ್ಕರ ಕಪ್ಪೆಗೆ ಮದುವೆ ಮಾಡಲ್ವಾ, ಹಾಗೆ. ಮಂಡ್ಯಕ್ಕೆ ಹಿಮ ಬೀಳಲ್ಲ. ಏಪ್ರಿಲ್‌ನಲ್ಲಿ ಯಾವಾಗಲೋ ಒಮ್ಮೆ ಆಲಿಕಲ್ಲು ಬಿದ್ದರೆ ಅದೇ ನಮ್ಮ ಹಿಮಪಾತ. ಋತು ಮುಗಿಯೋ ಹೊತ್ತಿಗೆ ಕೊನೇದೊಂದು ಬಿರುಗಾಳಿ ಬರಲಿ ಅನ್ನೋ ಆಸೆ ಮಾತ್ರ ಎರಡೂ ಕಡೆ ಒಂದೇ.

ನಮ್ಮ ಕಡೆ ಈ ಆಸೆಗೆ ರಜೆಗಿಂತ ದೊಡ್ಡ ಕಾರಣ ಒಂದಿದೆ: ಕನ್ನಂಬಾಡಿ ಕಟ್ಟೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಮನೆಮನೆಯಲ್ಲೂ ಬೆಳಗ್ಗೆ ಕಾಫಿ ಜೊತೆಗೆ ನೋಡೋ ಲೆಕ್ಕ ಅದು. ಇಂದಿನ ಮಟ್ಟ ಇಷ್ಟಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕ್ರಿಕೆಟ್ ಸ್ಕೋರ್ ಗೊತ್ತಿಲ್ಲದ ಅಜ್ಜಿಗೂ 124.80 ಅಂದರೆ ಏನು ಅಂತ ಗೊತ್ತು. 49 ಟಿಎಂಸಿ ಚಿಲ್ಲರೆ ನೀರು ನಿಂತರೆ ವಿಶ್ವೇಶ್ವರಯ್ಯ ನಾಲೆಗೆ ನೀರು, ಇಲ್ಲಾಂದ್ರೆ ರಸ್ತೆ ತಡೆ. ಈ ಲೆಕ್ಕದಲ್ಲಿ ತಡವಾಗಿ ಬರೋ ಮಳೆ ಒಂದೊಂದು ಸಲ ಪವಾಡವನ್ನೇ ಮಾಡಿದೆ. 2021ರಲ್ಲಿ ಕಟ್ಟೆ ತುಂಬಿದ್ದು ಅಕ್ಟೋಬರ್ ಕೊನೆಗೆ, ಬಾಗಿನ ಕೊಟ್ಟಿದ್ದು ನವೆಂಬರ್‌ನಲ್ಲಿ. 2025ರಲ್ಲಿ ನೋಡಿದರೆ ಜೂನ್ ತಿಂಗಳಲ್ಲೇ ತುಂಬಿ ಜೂನ್ 30ಕ್ಕೇ ಬಾಗಿನ!

ಈ ಎರಡರ ನಡುವೆ 2023 ಇದೆ. ಆ ವರ್ಷ ಕಟ್ಟೆ ತುಂಬಲೇ ಇಲ್ಲ. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಆಗಲೂ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಹಿಂಗಾರು ಕೈ ಹಿಡಿಬೋದು, 21ರಲ್ಲಿ ಹಿಡೀಲಿಲ್ವಾ?' ಹಿಡೀಲಿಲ್ಲ. ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದಾಗ ನಮ್ಮ ಗುಂಪು ಕುಣಿದಿದ್ದೇ ಕುಣಿದಿದ್ದು. ಅದು ಚೆನ್ನೈಯನ್ನ ಮುಳುಗಿಸಿ, ಆಂಧ್ರದ ಕರಾವಳಿ ಹತ್ತಿ ಹೋಯ್ತು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಪಿಜಿಗಳಲ್ಲಿರೋ ನಮ್ಮ ಸೀನಿಯರ್‌ಗಳು ಟ್ಯಾಂಕರ್‌ಗೆ ಕ್ಯೂ ನಿಂತಿದ್ದರು. ಅವರು ಕುಡಿಯೋ ಕಾವೇರಿ ನೀರು ಶುದ್ಧವಾಗಿ ಮೇಲೆ ಹತ್ತೋದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಅನ್ನೋದು ಅವರಲ್ಲಿ ಎಷ್ಟೋ ಜನಕ್ಕೆ ಆಗಲೇ ಗೊತ್ತಾಗಿದ್ದು.

ಇಲ್ಲೇ ನಾವು ಒಂದು ತಪ್ಪು ಲೆಕ್ಕ ಹಾಕ್ತೀವಿ. ಕಟ್ಟೆಯನ್ನ ತುಂಬಿಸೋದು ಕೊಡಗು, ಹಾಸನದ ಕಡೆಯ ಮುಂಗಾರು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ತರೋ ನೀರು. ಬಂಗಾಳ ಕೊಲ್ಲಿಯ ಸೈಕ್ಲೋನ್ ಪೂರ್ವದಿಂದ ಬರುತ್ತೆ, ಬರ್ತಾ ಬರ್ತಾ ಸೊರಗುತ್ತೆ. ಹೆಚ್ಚಾಗಿ ಅದು ಸುರಿಯೋದು ಕಟ್ಟೆಯ ಹಿಂದೆ ಅಲ್ಲ, ಕಟ್ಟೆಯ ಕೆಳಗೆ. ಅಂದರೆ ನಮ್ಮ ತಲೆ ಮೇಲೆ, ನಮ್ಮ ಕೆರೆಗಳ ಮೇಲೆ, ಶಿಂಷಾ ಮೇಲೆ. ಮತ್ತೆ ಗದ್ದೆಯಲ್ಲಿ ಕುಯ್ದು ಹಾಕಿರೋ ಬತ್ತದ ಮೇಲೆ.

2024ರ ನವೆಂಬರ್ ಕೊನೇ ವಾರ. ಬುಧವಾರವೇ ನಮ್ಮ ಗುಂಪಿಗೆ ಗೊತ್ತಿತ್ತು. ಶುಕ್ರವಾರ ಅದಕ್ಕೆ ಫೆಂಗಲ್ ಅಂತ ಹೆಸರೂ ಬಂತು. ಮೀಮ್‌ಗಳು ಶುರುವಾದವು, ಬೋಂಡಾಕ್ಕೆ ಯಾರು ದುಡ್ಡು ಹಾಕೋದು ಅನ್ನೋ ಚರ್ಚೆಯೂ ಆಯ್ತು. ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿದ್ದು ಅಲ್ಲೇ ಗಂಟೆಗಟ್ಟಲೆ ಕೂತುಬಿಡ್ತು, ಆಮೇಲೆ ನಿಧಾನಕ್ಕೆ ನಮ್ಮ ಕಡೆ ಸರಿದು ಬಂತು. ಭಾನುವಾರದಿಂದ ಜಿಟಿಜಿಟಿ. ಸುತ್ತಮುತ್ತ ಕೆಲವು ಕಡೆ ಶಾಲೆಗಳಿಗೆ ರಜೆ ಕೊಟ್ಟರು. ನಾವಂತೂ ಗೆದ್ದ ಹಾಗೆ ಸ್ಟೇಟಸ್ ಹಾಕಿದ್ವಿ.

ಗುಂಪಿನಲ್ಲಿ ಮದ್ದೂರು ತಾಲ್ಲೂಕಿನ ಗೆಳೆಯನೊಬ್ಬ ಇದ್ದ. ಅವರ ಮನೆಯಲ್ಲಿ ಒಂದೂವರೆ ಎಕರೆ ಬತ್ತ. ಮಷಿನ್‌ನಲ್ಲಿ ಕುಯ್ಸಿದರೆ ಹುಲ್ಲು ಹಾಳಾಗುತ್ತೆ, ಮನೆಯಲ್ಲಿ ಹಸು ಇವೆ ಅಂತ ಅವರಪ್ಪ ಆಳು ಕರೆಸಿ ಅದೇ ಶುಕ್ರವಾರ ಕುಯ್ಸಿದ್ದರು. ಕುಯ್ದ ಬತ್ತ ಎರಡು ಮೂರು ದಿನ ಅರಿಯಲ್ಲೇ ಒಣಗಬೇಕು. ಒಣಗೋ ಮೊದಲೇ ನೆನೀತು. ಬುಧವಾರ ಅವನು ಊರಿಗೆ ಹೋದಾಗ ತೆನೆಯಲ್ಲೇ ಮೊಳಕೆ ಬಂದಿತ್ತು. ಅಲ್ಲಿಂದ ಒಂದು ಫೋಟೋ ಕಳಿಸಿದ, ಕೆಳಗೆ ಏನೂ ಬರೆದಿರಲಿಲ್ಲ. ಅದರ ಮೇಲ್ಗಡೆ ಸ್ಕ್ರೋಲ್ ಮಾಡಿದರೆ ಶುಕ್ರವಾರ ಬೆಳಗ್ಗೆ ಅವನೇ ಹಾಕಿದ ಮೀಮ್ ಇತ್ತು.

ನಮಗೆ ಇವತ್ತಿಗೂ ಕೊರೆಯೋದು ಇದು. ಅವನು ನಮ್ಮಷ್ಟೇ ಚೆನ್ನಾಗಿ ಮ್ಯಾಪ್ ಓದ್ತಾನೆ. ಮನೆಗೆ ದಿನಾ ಫೋನ್ ಮಾಡ್ತಾನೆ. 'ಊಟ ಆಯ್ತಾ, ಫೀಸ್ ಕಟ್ಟಬೇಕು' ಅಂತ ಮಾತಾಡ್ತಾನೆ. 'ಅಪ್ಪ, ಈ ವಾರ ಕುಯ್ಲು ಬೇಡ' ಅನ್ನೋ ಒಂದು ವಾಕ್ಯ ಮಾತ್ರ ಬಾಯಿಗೆ ಬರಲಿಲ್ಲ. ಮೊಬೈಲ್‌ನಲ್ಲಿರೋ ಸೈಕ್ಲೋನ್ ಬೇರೆ, ಗದ್ದೆ ಬೇರೆ ಅಂತ ತಲೆ ಯಾವಾಗಲೋ ಎರಡು ಫೋಲ್ಡರ್ ಮಾಡಿಬಿಟ್ಟಿದೆ. ಅವನನ್ನ ಬೈಯೋ ಹಕ್ಕು ನಮಗಿಲ್ಲ. ನಮ್ಮಲ್ಲಿ ಯಾರೂ ಫೋನ್ ಮಾಡಿರಲಿಲ್ಲ.

ಹಾಗಂತ ತಡವಾದ ಮಳೆ ಕೆಟ್ಟದ್ದು ಅಂತಲೂ ಹೇಳೋಕಾಗಲ್ಲ, ಯಾರಿಗೆ ಯಾವಾಗ ಅನ್ನೋದೇ ಎಲ್ಲ. ನಾಲೆ ನೀರು ಮುಟ್ಟದ ಮಳವಳ್ಳಿ ಕಡೆಯ ಹೊಲದಲ್ಲಿ ತಡವಾಗಿ ಬಿತ್ತಿದ ರಾಗಿ ತೆನೆ ಕಟ್ಟೋ ಹೊತ್ತಿಗೆ ಸ್ವಾತಿ ಮಳೆ ಬಿದ್ದರೆ ಅದು ಚಿನ್ನ. ಅದೇ ಮಳೆ ಮೂರು ವಾರ ಬಿಟ್ಟು ಬಂದರೆ ಕುಯ್ದ ರಾಗಿ ಕಪ್ಪಾಗುತ್ತೆ. ಕಬ್ಬಿಗೆ ನೀರು ಬೇಕು, ಆದರೆ ಕಡಿಯೋ ಸಮಯದಲ್ಲಿ ಗದ್ದೆ ಕೆಸರಾದರೆ ಗಾಡಿ ಮೇಲೇಳಲ್ಲ. ಆಲೆಮನೆಯಲ್ಲಿ ಒಲೆಗೆ ಹಾಕೋ ರಚ್ಚು ನೆನೆದರೆ ಬೆಲ್ಲದ ಕೆಲಸವೇ ನಿಂತುಹೋಗುತ್ತೆ. ಹಿಪ್ಪುನೇರಳೆ ಸೊಪ್ಪು ಒದ್ದೆಯಾದರೆ ಹುಳುವಿಗೆ ಹಾಕೋ ಹಾಗಿಲ್ಲ, ರೋಗ ಬರುತ್ತೆ. ಬತ್ತ ಮೊಳಕೆ ಬರದೆ ಉಳಿದರೂ ಸರ್ಕಾರಿ ಖರೀದಿಗೆ ತೇವಾಂಶ ಶೇಕಡಾ 17 ದಾಟಬಾರದು. 'ಚಿತ್ತೆ ಮಳೆ ಚಿತ್ತ ಬಂದ ಕಡೆ' ಅಂತಾರೆ ಹಿರಿಯರು. ಮಳೆಗೆ ಚಿತ್ತ ಇದೆಯೋ ಇಲ್ಲವೋ, ನಕ್ಷತ್ರದ ಲೆಕ್ಕ ಇಟ್ಟವರಿಗೆ ಮಳೆ ಜೊತೆಗೆ ಪೈರಿನ ವಯಸ್ಸೂ ಗೊತ್ತಿತ್ತು. ನಮ್ಮ ಆ್ಯಪ್‌ಗೆ ಮಿಲಿಮೀಟರ್ ಮಾತ್ರ ಗೊತ್ತು.

'ನಾವು ಆಸೆ ಪಟ್ಟ ಮಾತ್ರಕ್ಕೆ ಸೈಕ್ಲೋನ್ ಬರುತ್ತಾ, ಬೇಜಾರು ಯಾಕೆ' ಅಂತ ಮೆಕ್ಯಾನಿಕಲ್‌ನವರು ಕೇಳಿದರು. ಸರಿ, ಬರಲ್ಲ. ಮೋಡ ನೋಡಿ ಖುಷಿ ಪಡೋದನ್ನ ಬಿಡಿ ಅಂತ ನಾವೂ ಹೇಳ್ತಾ ಇಲ್ಲ. ಆ ಹುಚ್ಚು ಇಲ್ಲದವರು ರಾತ್ರಿ ಎರಡು ಗಂಟೆಗೆ ಎದ್ದು ಮ್ಯಾಪ್ ನೋಡಲ್ಲ. ನಮ್ಮ ತಕರಾರು ಇಷ್ಟೇ: ಮೂರು ದಿನ ಮೊದಲೇ ಗೊತ್ತಾದ ವಿಷಯ ಹಾಸ್ಟೆಲ್ ಗೇಟ್ ದಾಟಲಿಲ್ಲ.

ಇನ್ನೊಂದು ಪ್ರಶ್ನೆಯೂ ಬಂತು: ಸರ್ಕಾರದವರು ಹೇಳಲ್ವಾ? ಹೇಳ್ತಾರೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದೆ, 'ವರುಣ ಮಿತ್ರ' ಅಂತ ರೈತರಿಗೆ ಸಹಾಯವಾಣಿಯೂ ಇದೆ. ಆದರೆ ಟಿವಿಯಲ್ಲಿ 'ದಕ್ಷಿಣ ಒಳನಾಡಿನ ಕೆಲವೆಡೆ ಸಾಧಾರಣ ಮಳೆ' ಅಂತ ಬಂದರೆ ಅದನ್ನ ಕೊಪ್ಪದ ಗದ್ದೆಗೆ ಇಳಿಸೋದು ಯಾರು? ನಾವು ಭಕ್ತಿಯಿಂದ ನೋಡೋ ಚೆನ್ನೈ ರಾಡಾರ್‌ಗೂ ಮಿತಿ ಇದೆ. ಅಲ್ಲಿಂದ ಮಂಡ್ಯ ಮುನ್ನೂರೈವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಭೂಮಿ ಗುಂಡಗಿದೆ, ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಇಲ್ಲಿಗೆ ಬರೋ ಹೊತ್ತಿಗೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿರುತ್ತೆ. (ಎಲೆಕ್ಟ್ರಾನಿಕ್ಸ್‌ನವರು ಮೂರರಲ್ಲಿ ನಾಲ್ಕು ಭೂತ್ರಿಜ್ಯದ ಸೂತ್ರ ಹಾಕಿ ನೋಡಿ.) ಜಿಟಿಜಿಟಿ ಸುರಿಸೋ ತಗ್ಗಿನ ಮೋಡ ಅದರ ಕಣ್ಣಿಗೇ ಬೀಳಲ್ಲ. ಸ್ಕ್ರೀನ್ ಖಾಲಿ ಇದೆ ಅಂತ ನಾವು ನಿರಾಸೆಯಿಂದ ಮಲಗಿದ ರಾತ್ರಿಗಳಲ್ಲೇ ಬತ್ತ ನೆನೆದಿದ್ದು.

ಹಾಗಾಗಿ ಈ ಸಲ ಎರಡು ಕೆಲಸ ಹಚ್ಚಿಕೊಂಡಿದೀವಿ. ಒಂದು, ಗುಂಪಿನಲ್ಲಿ ಸೈಕ್ಲೋನ್ ಸುದ್ದಿ ಹಾಕೋರು ಅದೇ ರಾತ್ರಿ ಮನೆಗೂ ಫೋನ್ ಮಾಡಬೇಕು. ಕನ್ನಡದಲ್ಲಿ, ಮಾಡೆಲ್ ಹೆಸರು ಹೇಳದೆ: 'ಭಾನುವಾರದಿಂದ ಮೂರು ದಿನ ಮೋಡ, ಕುಯ್ಯಬೇಡಿ, ಕುಯ್ದಿದ್ದರೆ ಮೆದೆ ಹಾಕಿ ಟಾರ್ಪಾಲ್ ಮುಚ್ಚಿ.' ಸುಳ್ಳಾದರೆ ಬೈಗುಳ ತಿನ್ನಬೇಕು, ಅದಕ್ಕೂ ರೆಡಿ ಇರಬೇಕು. ಒಣ ದಿನ ಕುಯ್ಲು ನಿಲ್ಲಿಸಿದರೆ ಆಳು ವಾಪಸ್ ಹೋಗ್ತಾರೆ, ಮತ್ತೆ ಸಿಗಲ್ಲ, ಅದೂ ನಷ್ಟವೇ. ಅದಕ್ಕೆ ಖಾತ್ರಿ ಎಷ್ಟು ಅನ್ನೋದನ್ನೂ ಹೇಳಬೇಕು: ಹತ್ತರಲ್ಲಿ ಏಳು, ಹತ್ತರಲ್ಲಿ ನಾಲ್ಕು, ಹೀಗೆ.

ಎರಡನೇದು ಬಾಟಲಿ. ಗೋಡೆ ನೆಟ್ಟಗಿರೋ, ತಳ ಚಪ್ಪಟೆ ಇರೋ ಯಾವುದೇ ಡಬ್ಬ ಆಗುತ್ತೆ. ತೆರೆದ ಜಾಗದಲ್ಲಿಟ್ಟು ಬೆಳಗ್ಗೆ ಎಂಟೂವರೆಗೆ ಸ್ಕೇಲ್‌ನಲ್ಲಿ ಅಳೆದರೆ ನಿಂತ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಹತ್ತು ಮಿಲಿಮೀಟರ್ ಅಂದರೆ ಎಕರೆಗೆ ನಲವತ್ತು ಸಾವಿರ ಲೀಟರ್ ನೀರು, ಇದನ್ನ ಮನೆಯಲ್ಲಿ ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ. ಬಸರಾಳು, ಕೆರಗೋಡು, ಕೊಪ್ಪ, ಬೆಸಗರಹಳ್ಳಿ, ಕಿರುಗಾವಲು ಕಡೆ ಹುಡುಗರು, ಹುಡುಗಿಯರು ಒಪ್ಪಿದಾರೆ. ಹಾಸ್ಟೆಲ್‌ನಲ್ಲಿರೋರ ಮನೆಯಲ್ಲಿ ತಮ್ಮನೋ ತಂಗಿಯೋ ಅಳೀತಾರೆ. ಹಾಸ್ಟೆಲ್ ತಾರಸಿಯ ಡಬ್ಬವನ್ನ ಮೊನ್ನೆ ಯಾರೋ ಬಟ್ಟೆ ನೆನೆಸೋಕೆ ತಗೊಂಡು ಹೋಗಿದ್ದರು, ವಾಪಸ್ ಇಟ್ಟಿದಾರೆ. ಮದ್ದೂರಿನ ಗೆಳೆಯ ಅವರಪ್ಪನ ಗದ್ದೆ ಬದುವಿನಲ್ಲೇ ಒಂದು ನೆಟ್ಟಿದಾನೆ. ಹಲಗೂರು ಕಡೆಯವರು ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ, ಓದ್ತಾ ಇದ್ದರೆ ಕ್ಲಬ್ಬಿನ ರೂಮಿಗೆ ಬನ್ನಿ, ಡಬ್ಬ ಇದೆ.