ಊರಿನ ಹೆಸರೂ ಇಂಗ್ಲಿಷಿನ ಚಿಕ್ಕ ಮಾತುಗಳೂ

ಬಳ್ಳಾರಿ ಸೀಮೆಯ ಮಗುವೊಂದು ತನ್ನ ಸುತ್ತಲಿನ ಊರುಗಳ ಹೆಸರನ್ನು ಮಾತಿನಲ್ಲಿ ಬಳಸುವುದನ್ನು ಗಮನವಿಟ್ಟು ಕೇಳಿದವರಿಗೆ, ಶಾಲೆಯ ಮೆಟ್ಟಿಲನ್ನು ಹತ್ತುವುದಕ್ಕೆ ಮೊದಲೇ ಆ ಮಗು ಒಂದು ಸೂಕ್ಷ್ಮವಾದ ವ್ಯಾಕರಣವನ್ನು ಕರಗತ ಮಾಡಿಕೊಂಡಿರುವುದು ಮನದಟ್ಟಾಗದೆ ಇರದು. ಇಕಾರಾಂತವಾದ ಬಳ್ಳಾರಿಯು ಅದರ ಬಾಯಲ್ಲಿ ‘ಬಳ್ಳಾರಿಯಲ್ಲಿ’ ಎಂದಾಗುತ್ತದೆ. ಅಕಾರಾಂತವಾದ ಸಿರುಗುಪ್ಪವು ನಡುವೆ ದಕಾರವನ್ನು ಪಡೆದು ‘ಸಿರುಗುಪ್ಪದಲ್ಲಿ’ ಎಂದಾಗುತ್ತದೆ. ಉಕಾರಾಂತವಾದ ಕುರುಗೋಡು ‘ಕುರುಗೋಡಿನಲ್ಲಿ’ ಎಂದು ಮಾರ್ಪಡುತ್ತದೆ. ಬಳ್ಳಾರಿಗೆ, ಕುರುಗೋಡಿಗೆ ಎಂದ ಮಗುವೇ ಮೂರನೆಯ ಊರಿನ ಹೆಸರು ಬಂದಾಗ ಯಾರೂ ಹೇಳಿಕೊಡದಿದ್ದರೂ ಸಿರುಗುಪ್ಪಕ್ಕೆ ಎನ್ನುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ವಿಭಕ್ತಿಗಳಿಗೆ ಸೂತ್ರಗಳನ್ನು ಕಟ್ಟಲು ಎಷ್ಟು ಶ್ರಮಿಸಿದನೋ, ಅಂಥ ಭೇದಗಳನ್ನು ಈ ಮಕ್ಕಳು ತಾಯಿಯ ಮಡಿಲಲ್ಲಿಯೇ, ಅನಾಯಾಸವಾಗಿ, ಒಮ್ಮೆಯೂ ತಪ್ಪದಂತೆ ಕಲಿತುಬಿಟ್ಟಿರುತ್ತಾರೆ.

ಇದೇ ಮಗು ಮುಂದೆ ಆರನೆಯ ತರಗತಿಗೋ ಏಳನೆಯ ತರಗತಿಗೋ ಬಂದು, ತಾನು ವಾಸಿಸುವ ಊರು ಯಾವುದು, ತಂದೆ ದುಡಿಯುವುದೆಲ್ಲಿ, ಜಾತ್ರೆಗೆ ಹೋಗುವುದೆಲ್ಲಿಗೆ ಎಂಬ ಸರಳ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದಾಗ, ಅದರ ಪುಸ್ತಕವೆಲ್ಲ ಕೆಂಪು ಶಾಯಿಯ ಗೆರೆಗಳಿಂದ ತುಂಬುತ್ತದೆ. ‘ಇನ್’ ಇರಬೇಕಾದ ಕಡೆ ‘ಆ್ಯಟ್’ ಬಂದಿರುತ್ತದೆ, ‘ಟು’ ಲೋಪವಾಗಿರುತ್ತದೆ, ಊರಿನ ಹೆಸರಿಗೆ ಬೇಡದ ‘ದಿ’ಯು ಅಂಟಿಕೊಂಡು, ನದಿಯ ಹೆಸರಿಗೆ ಬೇಕಾದ ‘ದಿ’ಯು ಬಿಟ್ಟುಹೋಗಿರುತ್ತದೆ. ಪ್ರೆಪೊಸಿಷನ್ ಎಂದೂ ಆರ್ಟಿಕಲ್ ಎಂದೂ ಕರೆಯಲ್ಪಡುವ ಈ ಚಿಕ್ಕ ಮಾತುಗಳಲ್ಲಿ ಎಡವಿದ ಮಗುವನ್ನು ಮಂದಬುದ್ಧಿಯೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಈ ತಪ್ಪಿನ ಬಹುಭಾಗ ಮಗುವಿನದಲ್ಲವೆಂದೂ, ಅದಕ್ಕೆ ಮೊದಲೇ ತಿಳಿದಿರುವ ವ್ಯಾಕರಣವನ್ನು ತರಗತಿಯ ಹೊರಗೆ ನಿಲ್ಲಿಸಿ ಇಂಗ್ಲಿಷನ್ನು ಕಲಿಸಹೊರಟ ನಮ್ಮ ಕ್ರಮದ್ದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಬಳ್ಳಾರಿಯು ಏಕಭಾಷೆಯ ನಗರವಲ್ಲ. ಕೌಲ್ ಬಜಾರಿನಲ್ಲಿಯಾಗಲಿ ಬ್ರೂಸ್‌ಪೇಟೆಯಲ್ಲಿಯಾಗಲಿ ಒಂದು ಗಳಿಗೆ ನಿಂತವನ ಕಿವಿಗೆ ಕನ್ನಡ, ತೆಲುಗು, ಉರ್ದು ಈ ಮೂರೂ ಒಂದೇ ಉಸಿರಿನಲ್ಲಿ ಬೀಳುತ್ತವೆ. ಒಬ್ಬನೇ ವ್ಯಾಪಾರಿ ಮೂರನ್ನೂ ಆಡುವುದು ಇಲ್ಲಿ ಸೋಜಿಗದ ಸಂಗತಿಯಲ್ಲ. ಕನ್ನಡದವನು ‘ಬಳ್ಳಾರ್ಯಾಗ’ ಎಂದರೆ ತೆಲುಗಿನವನು ‘ಬಳ್ಳಾರಿಲೋ’ ಎನ್ನುತ್ತಾನೆ, ಉರ್ದುವಿನವನು ‘ಬಳ್ಳಾರಿ ಮೇ’ ಎನ್ನುತ್ತಾನೆ. ಮೂರೂ ಒಂದೇ ಕುಲದ ಭಾಷೆಗಳಲ್ಲದಿದ್ದರೂ ಮೂರರಲ್ಲಿಯೂ ಮೊದಲು ಊರು ಬರುತ್ತದೆ, ಆ ಊರಿನೊಡನೆ ನಮಗಿರುವ ಸಂಬಂಧವನ್ನು ಹೇಳುವ ಮಾತು ಅನಂತರ ಬರುತ್ತದೆ. ಮತ್ತು ಮೂರರಲ್ಲಿಯೂ ‘ದಿ’ಗೆ ಸಮನಾದ ಪ್ರತ್ಯೇಕ ಪದವಿಲ್ಲ. ಮೂರು ಭಾಷೆಗಳಲ್ಲಿ ಬೆಳೆದ ಮಗುವಿಗೂ ಸಂಬಂಧವನ್ನು ಮೊದಲು ಹೇಳಿ ಊರನ್ನು ಆಮೇಲೆ ಹೇಳುವ ಅನುಭವವು ಇಂಗ್ಲಿಷಿನ ತರಗತಿಯಲ್ಲಿಯೇ ಮೊದಲಬಾರಿಗೆ ಆಗತಕ್ಕದ್ದು. ಇಷ್ಟು ಮೂಲಭೂತವಾದ ವ್ಯತ್ಯಾಸವನ್ನು ಒಂದು ದಿನವಾದರೂ ಬಿಡಿಸಿ ಹೇಳದೆ, ಪ್ರೆಪೊಸಿಷನ್ನುಗಳ ಬರಿಯ ಪಟ್ಟಿಗಳನ್ನು ಬಾಯಿಪಾಠ ಮಾಡಿಸುವುದು ನ್ಯಾಯವಲ್ಲ.

ಈ ಪಟ್ಟಿಗಳಲ್ಲಿ ನನ್ನನ್ನು ಅತಿಯಾಗಿ ನೋಯಿಸುವ ಸೂತ್ರವೊಂದುಂಟು. ದೊಡ್ಡ ನಗರಗಳಿಗೆ ‘ಇನ್’, ಸಣ್ಣ ಊರುಗಳಿಗೆ ‘ಆ್ಯಟ್’ ಎಂದು ಹಳೆಯ ಶಾಲಾ ವ್ಯಾಕರಣಗಳು ಹೇಳುತ್ತಿದ್ದುದನ್ನು ತಲೆಮಾರುಗಳ ಕಾಲ ಉರುಹೊಡೆಸಲಾಯಿತು. ಇದರ ಪ್ರಕಾರ ಬಳ್ಳಾರಿಗೆ ‘ಇನ್’ ಸಲ್ಲುತ್ತದೆ, ಕುರುಗೋಡಿಗೆ ‘ಆ್ಯಟ್’ ಸಾಕು. ಸಿಂದ ಅರಸರ ರಾಜಧಾನಿಯಾಗಿ ಮೆರೆದ, ದೊಡ್ಡಬಸವೇಶ್ವರನ ಬೃಹನ್ಮೂರ್ತಿಯನ್ನು ಹೊತ್ತು ನಿಂತ, ಈಗ ತಾಲ್ಲೂಕು ಕೇಂದ್ರವೂ ಆಗಿರುವ ಊರಿನ ಮಗುವಿಗೆ, ನಿನ್ನ ಊರು ಒಂದು ಬಿಂದುವೇ ಹೊರತು ವಾಸಸ್ಥಳವಲ್ಲ ಎಂದು ಹೇಳಿದಂತಾಯಿತು. ಇಂಗ್ಲಿಷಿನ ನಿಜವಾದ ಪ್ರಯೋಗವು ಊರಿನ ಗಾತ್ರಕ್ಕಿಂತ ಹೆಚ್ಚಾಗಿ ಮಾತನಾಡುವವನ ದೃಷ್ಟಿಯನ್ನು ಅವಲಂಬಿಸಿದೆ. ಬಳ್ಳಾರಿಯಿಂದ ಕಂಪ್ಲಿಗೆ ಹೋಗುವ ಪ್ರಯಾಣಿಕನಿಗೆ ಕುರುಗೋಡು ಬಸ್ಸು ನಿಲ್ಲುವ ಒಂದು ತಾಣ. ಅವನು ‘ಆ್ಯಟ್’ ಎನ್ನಬಹುದು. ಅಲ್ಲಿಯೇ ಹುಟ್ಟಿ, ಅಲ್ಲಿಯ ಬೆಟ್ಟದ ನೆರಳಿನಲ್ಲಿ ಆಡಿ ಬೆಳೆದವನಿಗೆ ಅದು ತನ್ನನ್ನು ಸುತ್ತುವರಿದ ಲೋಕ; ಅವನು ‘ಇನ್’ ಎಂದೇ ಹೇಳತಕ್ಕದ್ದು. ದೆಹಲಿಯೂ ವಿಮಾನವು ನಡುವೆ ಇಳಿದು ಹೊರಡುವ ತಾಣವಾದಾಗ ‘ಆ್ಯಟ್’ಗೆ ಪಾತ್ರವಾಗುತ್ತದೆ.

ಈ ಭೇದವು ನಮ್ಮ ಮಕ್ಕಳಿಗೆ ಅಪರಿಚಿತವೂ ಅಲ್ಲ. ಗ್ರಾಂಥಿಕ ಕನ್ನಡದ ‘ಅಲ್ಲಿ’ ಎಂಬ ಒಂದೇ ಪ್ರತ್ಯಯವು ಎರಡೂ ಅರ್ಥಗಳನ್ನು ಹೊರುವುದು ನಿಜವಾದರೂ, ಬಳ್ಳಾರಿಯ ಆಡುಮಾತು ಅವೆರಡನ್ನೂ ದಿನನಿತ್ಯ ಬೇರ್ಪಡಿಸುತ್ತದೆ. ‘ಕೌಲ್ ಬಜಾರದಾಗ ಮನಿ ಐತಿ’ ಎನ್ನುವವನೇ ಫೋನಿನಲ್ಲಿ ಗೆಳೆಯನಿಗೆ ‘ರಾಯಲ್ ಸರ್ಕಲ್ ಹತ್ರ ನಿಂತೀನಿ’ ಎನ್ನುತ್ತಾನೆ. ಮೊದಲನೆಯದು ಒಳಗೊಳ್ಳುವ ಸ್ಥಳ, ಎರಡನೆಯದು ಗುರುತಿನ ಸ್ಥಳ. ಉಪಾಧ್ಯಾಯನು ಈ ಎರಡು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದರ ಪಕ್ಕದಲ್ಲಿ ‘ಇನ್’ ಎಂದೂ ಇನ್ನೊಂದರ ಪಕ್ಕದಲ್ಲಿ ‘ಆ್ಯಟ್’ ಎಂದೂ ಬರೆದರೆ, ಗಾತ್ರದ ಸೂತ್ರವು ವರ್ಷಗಟ್ಟಲೆ ಸಾಧಿಸಲಾರದ ಕಾರ್ಯವು ಒಂದು ಪೀರಿಯಡಿನಲ್ಲಿ ನೆರವೇರುತ್ತದೆ. ಅಂತೆಯೇ ‘ತೆಕ್ಕಲಕೋಟೆ ಮ್ಯಾಲೆ ಸಿರುಗುಪ್ಪಕ್ಕೆ ಹೋಗೋ ಬಸ್ಸು’ ಎಂಬಲ್ಲಿನ ‘ಮ್ಯಾಲೆ’ಯನ್ನು ಇಂಗ್ಲಿಷಿನ ‘ಆನ್’ ಎಂದು ಭ್ರಮಿಸಿ ಬರೆದ ಹುಡುಗನಿಗೆ ಬೈಯುವ ಬದಲು, ಮೇಜಿನ ಮೇಲಿನ ‘ಮೇಲೆ’ ಬೇರೆ, ಹಾದುಹೋಗುವ ಊರಿನ ‘ಮೇಲೆ’ ಬೇರೆ ಎಂದು ತಿಳಿಸಿ ‘ವಯಾ’, ‘ಥ್ರೂ’ ಎಂಬ ಮಾತುಗಳನ್ನು ಕೊಡುವುದು ವಿಹಿತ.

ಆರ್ಟಿಕಲ್ಲಿನ ವಿಷಯದಲ್ಲಿಯೂ ನಮ್ಮ ಭಾಷೆ ಬರಿಗೈಯಲ್ಲಿಲ್ಲ. ಬಳ್ಳಾರಿ ನಗರದಲ್ಲಿ ಸಿರುಗುಪ್ಪ ರಸ್ತೆ ಎಂಬುದೊಂದುಂಟು. ಇಂಗ್ಲಿಷಿನಲ್ಲಿ ಅದನ್ನು ‘ಸಿರುಗುಪ್ಪ ರೋಡ್’ ಎಂದರೆ ಅದು ಅಂಕಿತನಾಮ. ‘ದಿ ಸಿರುಗುಪ್ಪ ರೋಡ್’ ಎಂದರೆ ಸಿರುಗುಪ್ಪದ ಕಡೆಗೆ ಹೋಗುವ ದಾರಿ ಎಂಬ ವರ್ಣನೆ. ಕನ್ನಡದಲ್ಲಿ ನಾವು ಇದೇ ಭೇದವನ್ನು ಷಷ್ಠೀ ಪ್ರತ್ಯಯದಿಂದ ಸೂಚಿಸುತ್ತೇವೆ: ‘ಸಿರುಗುಪ್ಪ ರಸ್ತೆ’ಯಲ್ಲಿ ಅಂಗಡಿಯಿದೆ ಎಂದಾಗ ಹೆಸರು, ‘ಸಿರುಗುಪ್ಪದ ರಸ್ತೆ’ ಕೆಟ್ಟಿದೆ ಎಂದಾಗ ವರ್ಣನೆ. ತುಂಗಭದ್ರೆಯ ನೀರುಂಡ ಗದ್ದೆಗಳ ರೈತನು ‘ಭತ್ತ ಮಾರಿದೆ’ ಎಂದರೆ ಯಾವುದೋ ಭತ್ತ, ‘ಭತ್ತವನ್ನು ಮಾರಿದೆ’ ಎಂದರೆ ಕೇಳುವವನೂ ಅರಿತಿರುವ ಆ ಭತ್ತ. ‘ದಿ’ಯು ಮಾಡುವ ಕೆಲಸದಲ್ಲಿ ಒಂದಂಶವನ್ನು ಇಲ್ಲಿ ದ್ವಿತೀಯಾ ವಿಭಕ್ತಿಯೇ ನಿರ್ವಹಿಸುತ್ತದೆ. ನಿರ್ದಿಷ್ಟತೆಯೆಂಬ ಭಾವವನ್ನು ಬಲ್ಲ ಮಗುವಿಗೆ ಅದರ ಇಂಗ್ಲಿಷ್ ರೂಪವನ್ನು ತೋರಿಸುವುದಷ್ಟೇ ಉಪಾಧ್ಯಾಯನ ಪಾಲಿಗೆ ಉಳಿಯುವ ಕೆಲಸ.

ಕೆಲವನ್ನು ಮಾತ್ರ ರೂಢಿಯೆಂದು ಒಪ್ಪಿ ಕಲಿಯಬೇಕು. ತುಂಗಭದ್ರೆ, ಹಗರಿ ಎಂಬ ನದಿಗಳಿಗೆ ‘ದಿ’ ಬೇಕು, ಬಳ್ಳಾರಿಗೆ ಬೇಡ; ಪಶ್ಚಿಮಘಟ್ಟಗಳ ಸಾಲಿಗೆ ಬೇಕು, ಎವರೆಸ್ಟ್ ಶಿಖರಕ್ಕೆ ಬೇಡ. ಪಾಠ ಕೇಳಲು ಹೋಗುವ ಹುಡುಗಿಯು ‘ದಿ’ ಇಲ್ಲದ ಶಾಲೆಗೆ ಹೋಗುತ್ತಾಳೆ, ಮುಖ್ಯೋಪಾಧ್ಯಾಯರನ್ನು ಕಾಣಲು ಬಂದ ಅವಳ ತಂದೆಯು ‘ದಿ’ ಸಹಿತವಾದ ಶಾಲೆಗೆ ಬರುತ್ತಾನೆ. ಒಬ್ಬಳದು ಆ ಸ್ಥಳದ ಉದ್ದೇಶದೊಡನೆ ಸಂಬಂಧ, ಇನ್ನೊಬ್ಬನದು ಕಟ್ಟಡದೊಡನೆ. ಕಾರಣವನ್ನು ಹೇಳಿದರೆ ಇದೂ ನೆನಪಿನಲ್ಲಿ ನಿಲ್ಲುತ್ತದೆ.

ಇಷ್ಟು ಚಿಕ್ಕ ಮಾತಿಗೆ ಇಷ್ಟು ಚರ್ಚೆಯೇಕೆಂದು ಕೇಳುವವರು ದೇಶಗಳ ಇತಿಹಾಸವನ್ನು ನೋಡಬೇಕು. ಬಹುಕಾಲ ಇಂಗ್ಲಿಷರ ಬರಹದಲ್ಲಿ ‘ದಿ ಯುಕ್ರೇನ್’ ಆಗಿದ್ದ ನಾಡು 1991ರಲ್ಲಿ ಸ್ವತಂತ್ರವಾದ ಮೇಲೆ, ಆ ‘ದಿ’ಯು ತನ್ನನ್ನು ಒಂದು ಸಾಮ್ರಾಜ್ಯದ ಪ್ರಾಂತವನ್ನಾಗಿ ಕಾಣಿಸುತ್ತದೆಂದು ಅದನ್ನು ನಿರಾಕರಿಸಿತು, ಗ್ಯಾಂಬಿಯಾ ದೇಶವಾದರೋ ಅದನ್ನು ತನ್ನ ಅಧಿಕೃತ ನಾಮದಲ್ಲಿಯೇ ಉಳಿಸಿಕೊಂಡಿತು. 1800ರಲ್ಲಿ ನಿಜಾಮನು ಕಂಪನಿಗೆ ಒಪ್ಪಿಸಿದ ನಮ್ಮ ಸೀಮೆಯು ಬ್ರಿಟಿಷರ ಕಡತಗಳಲ್ಲಿ ‘ದಿ ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂದಾಯಿತು, ಅಂದರೆ ಬಿಟ್ಟುಕೊಟ್ಟ ಜಿಲ್ಲೆಗಳು; ಕರ್ನಾಟಕವೆಂಬ ಪುರಾತನ ನಾಮವೇ ವಿಕಾರಗೊಂಡು, ‘ದಿ ಕಾರ್ನಾಟಿಕ್’ ಎಂದು ಆರ್ಕಾಟಿನ ನವಾಬನ ನಾಡಿಗೆ ಅಂಟಿಕೊಂಡಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರು ರಾಜ್ಯವನ್ನು ಸೇರಿದುವು; 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು; 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಬಳ್ಳಾರಿಯು ಬಳ್ಳಾರಿಯೇ ಆಯಿತು. ಈ ಹೆಸರುಗಳು ಇಂದು ಯಾವ ಆರ್ಟಿಕಲ್ಲಿನ ಊರುಗೋಲೂ ಇಲ್ಲದೆ ಇಂಗ್ಲಿಷಿನಲ್ಲಿ ನಿಂತಿರುವುದು ಅವುಗಳ ಅಂಕಿತತ್ವದ ಚಿಹ್ನೆ.

ಇಂಗ್ಲಿಷರು ನಮ್ಮ ಭಾಷೆಯನ್ನು ಕಲಿತ ಬಗೆಯಿಂದ ನಾವು ಗ್ರಹಿಸಬೇಕಾದ ಪಾಠವೊಂದುಂಟು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಿಸುವುದಕ್ಕೆ ತೊಡಗಿದುದು ಅದಕ್ಕೂ ಮೊದಲೇ; ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡದ ನಿಘಂಟುಗಳನ್ನು ರಚಿಸಿದನು. ಅಂಥವರು ಪರಭಾಷೆಯನ್ನು ಕಲಿಯುವಾಗ ಸ್ವಭಾಷೆಯನ್ನು ಮರೆಯಲಿಲ್ಲ. ನಮ್ಮ ಒಂದೊಂದು ವಿಭಕ್ತಿಯ ಎದುರಿಗೂ ತಮ್ಮ ಒಂದೊಂದು ಪ್ರೆಪೊಸಿಷನ್ನನ್ನು ನಿಲ್ಲಿಸಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಪರೀಕ್ಷಿಸಿ ಕಲಿತರು. ವಿದ್ಯಾವಂತರಾದ ಪ್ರೌಢರಿಗೆ ಅಗತ್ಯವಾಗಿದ್ದ ಈ ತುಲನೆಯ ಸಹಾಯವನ್ನು ಸಿರುಗುಪ್ಪದ ಹತ್ತು ವರ್ಷದ ಮಗುವಿಗೆ ನಾವು ಏಕೆ ನಿರಾಕರಿಸಬೇಕು?

ಸ್ವಭಾಷೆಯ ವ್ಯಾಕರಣವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಸಾಕ್ಷ್ಯವು ನಮ್ಮ ಕೈಯಲ್ಲಿನ ಮೊಬೈಲಿನಲ್ಲಿಯೇ ಇದೆ. ‘ಬಳ್ಳಾರಿ ನಲ್ಲಿ ಇಂದಿನ ಚಿನ್ನದ ದರ’, ‘ಸಿರುಗುಪ್ಪ ನಲ್ಲಿ ಹವಾಮಾನ’ ಎಂಬಂಥ ವಾಕ್ಯಗಳನ್ನು ಈಗ ಎಲ್ಲರೂ ಕಾಣುತ್ತಿದ್ದೇವೆ. ಇಂಗ್ಲಿಷಿನ ‘ಇನ್’ ಎಂಬುದರ ಸ್ಥಾನದಲ್ಲಿ ‘ನಲ್ಲಿ’ಯನ್ನು ಕೂರಿಸಿ, ಯಾವ ಊರಿನ ಹೆಸರು ಬಂದರೂ ಅದರ ಪಕ್ಕದಲ್ಲಿ ನಿಲ್ಲಿಸುವ ಯಾಂತ್ರಿಕ ವಿಧಾನದ ಫಲವಿದು. ಕುರುಗೋಡಿನಂಥ ಉಕಾರಾಂತ ಪದಕ್ಕೆ ಮಾತ್ರ ಸಲ್ಲುವ ನಕಾರವನ್ನು ಎಲ್ಲಕ್ಕೂ ಅಂಟಿಸುವ ಈ ರೂಢಿ, ನಾವು ಎಚ್ಚರ ತಪ್ಪಿದರೆ, ಮಕ್ಕಳ ಬರವಣಿಗೆಯಲ್ಲಿಯೂ ನೆಲೆಗೊಳ್ಳುವ ಭಯವುಂಟು.

ಇಂಗ್ಲಿಷಿನ ತರಗತಿಯಲ್ಲಿ ಮಾತೃಭಾಷೆ ಸುಳಿಯಲೇಬಾರದು, ಕೇಳಿ ಕೇಳಿ ಭಾಷೆ ತಾನಾಗಿ ಬರುತ್ತದೆ ಎನ್ನುವ ಶಿಕ್ಷಣಜ್ಞರಿದ್ದಾರೆ. ಮನೆಯಲ್ಲಿಯೂ ನೆರೆಯಲ್ಲಿಯೂ ಇಂಗ್ಲಿಷ್ ಕೇಳಿಬರುವ ಮಕ್ಕಳ ಮಟ್ಟಿಗೆ ಆ ಮಾತು ಸತ್ಯವಾದೀತು. ದಿನಕ್ಕೆ ಒಂದೇ ಪೀರಿಯಡಿನಲ್ಲಿ ಇಂಗ್ಲಿಷನ್ನು ಕೇಳುವ ಮಗುವಿಗೆ ಆ ವಿಧಾನವು ಸಾಲದು. ಕಿವಿಗೆ ದೊರೆಯದ ಅಭ್ಯಾಸವನ್ನು ಅಂಥ ಮಗುವಿಗೆ ತಿಳಿವಳಿಕೆಯಿಂದಲೇ ತುಂಬಬೇಕು. ನಮ್ಮ ರಾಜ್ಯದಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷೆಯಾಗಿ ಪ್ರವೇಶಿಸಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದುವು. ಎಷ್ಟು ಬೇಗ ಆರಂಭಿಸಬೇಕೆಂಬ ವಿಚಾರದಲ್ಲಿ ನಾವು ತೋರಿದ ಆತುರದಲ್ಲಿ ಒಂದು ಪಾಲನ್ನಾದರೂ, ಹೇಗೆ ಕಲಿಸಬೇಕೆಂಬ ವಿಚಾರದಲ್ಲಿ ತೋರಬೇಕಾಗಿದೆ.

ಆದುದರಿಂದ ನನ್ನ ಕೋರಿಕೆ ಇಷ್ಟು. ಕರ್ನಾಟಕ ಪಠ್ಯಪುಸ್ತಕ ಸಂಘವು ಇಂಗ್ಲಿಷ್ ಪುಸ್ತಕಗಳನ್ನು ಮುಂದೆ ಪರಿಷ್ಕರಿಸುವಾಗ, ಕನ್ನಡದ ವಿಭಕ್ತಿಗಳನ್ನೂ ಇಂಗ್ಲಿಷಿನ ಪ್ರೆಪೊಸಿಷನ್ನುಗಳನ್ನೂ ಎದುರುಬದುರಾಗಿ ತೋರುವ ಪುಟಗಳನ್ನು ಸೇರಿಸಲಿ. ಆ ಪುಟಗಳಲ್ಲಿ ಲಂಡನ್, ಪ್ಯಾರಿಸ್‌ಗಳಿಗೆ ಮೊದಲು ಆಯಾ ಜಿಲ್ಲೆಯ ಊರು, ಹೊಳೆ, ಬೆಟ್ಟ, ರಸ್ತೆಗಳ ಹೆಸರುಗಳನ್ನು ತುಂಬಿಕೊಳ್ಳಲು ಉಪಾಧ್ಯಾಯರಿಗೆ ಅವಕಾಶವಿರಲಿ. 1991ರಿಂದ ಹಂಪಿಯಲ್ಲಿರುವ ಕನ್ನಡ ವಿಶ್ವವಿದ್ಯಾಲಯವು ಕನ್ನಡ, ತೆಲುಗು, ಉರ್ದು, ಇಂಗ್ಲಿಷುಗಳನ್ನು ಹೋಲಿಸುವ ಸರಳವಾದ ಶಾಲಾ ವ್ಯಾಕರಣವೊಂದನ್ನು ಈ ಗಡಿಸೀಮೆಗಾಗಿ ಸಿದ್ಧಪಡಿಸಲಿ. ಕನ್ನಡದ ತರಗತಿಯಲ್ಲಿ ಉಪಾಧ್ಯಾಯರು ವಿಭಕ್ತಿಯನ್ನು ಅಂಕಗಳ ಪ್ರಶ್ನೆಯೆಂದು ಮುಗಿಸಿಬಿಡದೆ, ಮಗುವು ಆಗಲೇ ಬಲ್ಲ ವಿದ್ಯೆಗೆ ಹೆಸರು ಕೊಡುವ ಸಂತೋಷವೆಂದು ಕಲಿಸಲಿ. ದೃಷ್ಟಿಭೇದದಿಂದ ‘ಇನ್’ ಮತ್ತು ‘ಆ್ಯಟ್’ ಎರಡೂ ಸಲ್ಲುವ ಕಡೆ ಪರೀಕ್ಷಕರು ಕೆಂಪು ಗೆರೆಯನ್ನು ಎಳೆಯದಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಕುರುಗೋಡಿನ ಮಗುವೂ ವ್ಯಾಕರಣವನ್ನು ಬಲ್ಲದು ಎಂಬ ಗೌರವವೊಂದು ಇದ್ದರೆ ಮುಂದಿನ ಶೈಕ್ಷಣಿಕ ವರ್ಷದಲ್ಲಿಯೇ ಇದನ್ನು ಆರಂಭಿಸಬಹುದು.